ಹೋರಿ ಕಾಳಗದ ಅಂಗಳದಲ್ಲಿ ಒಂದು ಬುಟ್ಟಿ

ಒಕಿನಾವ ದ್ವೀಪದಲ್ಲಿ ರೈಲಿಲ್ಲ. ನಾಹಾ ನಗರದ ತಲೆಯ ಮೇಲೆ ಓಡುವ, 2003ರಲ್ಲಿ ಆರಂಭವಾದ ಒಂದು ಮೊನೊರೈಲನ್ನು ಬಿಟ್ಟರೆ ಅಲ್ಲಿ ಎಲ್ಲಿಗೆ ಹೋಗಬೇಕಾದರೂ ಬಸ್ಸನ್ನೋ ಕಾರನ್ನೋ ನಂಬಬೇಕು. ಜಪಾನಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಟೋಕಿಯೋ ರೈಲುಗಳ ನಿಮಿಷದ ಲೆಕ್ಕಕ್ಕೆ ಒಗ್ಗಿಹೋಗಿದ್ದ ನನಗೆ, ಚಳಿಗಾಲದ ಒಂದು ಶನಿವಾರ ನಾಹಾದಿಂದ ಉತ್ತರಕ್ಕೆ ಹೊರಟ ಬಸ್ಸು ನಮ್ಮೂರ ಬಸ್ಸಿನ ಹಾಗೆ ಕೈತೋರಿಸಿದಲ್ಲೆಲ್ಲ ನಿಲ್ಲುವಂತೆ ಕಂಡು ಮೊದಲು ಕಿರಿಕಿರಿಯಾಯಿತು, ಆಮೇಲೆ ಹಾಯೆನಿಸಿತು. ದಾರಿಯ ಒಂದು ಬದಿಯಲ್ಲಿ ಅಂಗಡಿ, ಮನೆ, ಗೋರಿಗಳು. ಇನ್ನೊಂದು ಬದಿಯಲ್ಲಿ ಮೈಲಿಗಟ್ಟಲೆ ಮುಗಿಯದ ತಂತಿಬೇಲಿ. ಬೇಲಿಯ ಆಚೆ ಅಮೆರಿಕದ ಸೇನಾ ನೆಲೆ, ಕತ್ತರಿಸಿ ಒಪ್ಪ ಮಾಡಿದ ಹುಲ್ಲು, ದೂರದೂರಕ್ಕೆ ಕಟ್ಟಿದ ಮನೆಗಳು. ಈಚೆ, ಇಕ್ಕಟ್ಟಾದ ಮನೆಗಳ ಹಿತ್ತಲಲ್ಲಿ, ಕಾರು ನಿಲ್ಲಿಸುವ ಜಾಗದ ಗೋಡೆಯಲ್ಲಿ, ತುಕ್ಕು ಹಿಡಿದ ಕಬ್ಬಿಣದ ಬಳೆಗಳು. ಒಂದಕ್ಕೆ ಬಲೆ ಇತ್ತು, ಎರಡಕ್ಕೆ ಇರಲಿಲ್ಲ, ಇನ್ನೊಂದಕ್ಕೆ ಬಲೆಯ ಬದಲು ಮೀನುಗಾರರ ಹಗ್ಗವನ್ನು ಹೆಣೆದು ಕಟ್ಟಿದ್ದರು. ಟೋಕಿಯೋದಲ್ಲಿ ಇದ್ದಷ್ಟು ದಿನವೂ ಮನೆಯಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಬಳೆಯನ್ನು ನಾನು ಕಂಡಿರಲಿಲ್ಲ.

ನಾನು ಹೊರಟಿದ್ದದ್ದು ಕೊಜಾ ಎಂದು ಈಗಲೂ ಜನ ಕರೆಯುವ ಒಕಿನಾವ ನಗರಕ್ಕೆ, ರ್ಯೂಕ್ಯೂ ಗೋಲ್ಡನ್ ಕಿಂಗ್ಸ್ ಎಂಬ ತಂಡದ ಆಟ ನೋಡಲು. ಅವರು ಆಡುವ ಕಟ್ಟಡ ನಿಂತಿರುವುದು ಹಿಂದೆ ಹೋರಿ ಕಾಳಗ ನಡೆಯುತ್ತಿದ್ದ ನಗರಸಭೆಯ ಅಖಾಡದ ಜಾಗದಲ್ಲಿ. ಒಕಿನಾವದ ಹೋರಿ ಕಾಳಗದಲ್ಲಿ ಸ್ಪೇನಿನಂತೆ ಮನುಷ್ಯ ಹೋರಿಯನ್ನು ಕೊಲ್ಲುವುದಿಲ್ಲ; ಎರಡು ಹೋರಿಗಳು ಕೊಂಬಿಗೆ ಕೊಂಬು ಕೊಟ್ಟು ತಳ್ಳಾಡುತ್ತವೆ, ಒಂದು ಬೆನ್ನು ತಿರುಗಿಸಿದರೆ ಅಲ್ಲಿಗೆ ಪಂದ್ಯ ಮುಗಿಯಿತು. ನಮ್ಮ ಟಗರಿನ ಕಾಳಗವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ನೆಲದ ಮೇಲೆಯೇ ಜಪಾನಿನ ಬ್ಯಾಸ್ಕೆಟ್‌ಬಾಲ್‌ನ ದಿಕ್ಕು ಬದಲಿಸಿದ ಕಟ್ಟಡವೊಂದು ಎದ್ದಿತು ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಈ ಕ್ಲಬ್ಬಿನ ಇತಿಹಾಸ ಲೆಕ್ಕದಲ್ಲಿ 2007ರಲ್ಲಿ ಶುರುವಾಗುತ್ತದೆ. ಆದರೆ ಆ ತುಕ್ಕು ಹಿಡಿದ ಬಳೆಗಳಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿತ್ತು. 1429ರಿಂದ 1879ರವರೆಗೆ ರ್ಯೂಕ್ಯೂ, ಅಂದರೆ ಇಂದಿನ ಒಕಿನಾವ, ತನ್ನದೇ ದೊರೆಗಳಿದ್ದ, ಚೀನಾದಿಂದ ಆಗ್ನೇಯ ಏಷ್ಯಾದವರೆಗೆ ಹಡಗು ಕಳಿಸುತ್ತಿದ್ದ ರಾಜ್ಯ. ತಂಡದ ಹೆಸರಿನಲ್ಲಿರುವ ‘ದೊರೆಗಳು’ ಬಂದದ್ದು ಆ ನೆನಪಿನಿಂದ. ಜಪಾನು ಅದನ್ನು ನುಂಗಿಕೊಂಡು ಒಂದು ಜಿಲ್ಲೆಯನ್ನಾಗಿ ಮಾಡಿತು. 1945ರ ಯುದ್ಧದಲ್ಲಿ ದ್ವೀಪವೇ ಸುಟ್ಟುಹೋಯಿತು. ಆಮೇಲೆ 1972ರ ಮೇ 15ರವರೆಗೆ ಅಮೆರಿಕ ಆಳಿತು. ಆ 27 ವರ್ಷಗಳಲ್ಲಿ ಒಕಿನಾವದವರು ಜಪಾನಿನ ಮುಖ್ಯ ಭೂಮಿಗೆ ಹೋಗಬೇಕಾದರೆ ಪ್ರಯಾಣದ ದಾಖಲೆ ಬೇಕಾಗಿತ್ತು. ಜಪಾನಿನ ನೆಲದ ಸುಮಾರು ಶೇ. 0.6ರಷ್ಟಿರುವ ಈ ದ್ವೀಪಗಳ ಮೇಲೆ ಇಂದಿಗೂ ಆ ದೇಶದಲ್ಲಿರುವ ಅಮೆರಿಕದ ಸೇನೆಗೆಂದೇ ಮೀಸಲಾದ ನೆಲೆಗಳ ಸುಮಾರು ಶೇ. 70 ಭಾಗ ಇದೆ. ಕೊಜಾ ಬೆಳೆದದ್ದೇ ಕದೇನ ವಾಯುನೆಲೆಯ ಬಾಗಿಲಲ್ಲಿ. 1970ರ ಡಿಸೆಂಬರಿನ ಒಂದು ರಾತ್ರಿ ರೊಚ್ಚಿಗೆದ್ದು ಅಮೆರಿಕನ್ನರ ಕಾರುಗಳನ್ನು ಮಗುಚಿ ಸುಟ್ಟದ್ದೂ ಅದೇ ಊರು. ಆಟವೂ ಬೇಲಿ ದಾಟಿ ಬಂತು, ರಾಕ್ ಸಂಗೀತದ ಜೊತೆಗೆ, ಡಬ್ಬಿಯ ಮಾಂಸದ ಜೊತೆಗೆ. ಆಳಿದವರ ಆಟವನ್ನು ಆಳಿಸಿಕೊಂಡವರು ತಮ್ಮದಾಗಿಸಿಕೊಂಡ ಕತೆ ಕ್ರಿಕೆಟ್ಟಿನ ನಾಡಿನ ನಮಗೆ ಹೊಸದಲ್ಲ. ಆದರೆ ಅಲ್ಲಿ ಆಳಿದವರು ಇನ್ನೂ ಬೇಲಿಯ ಆಚೆಯೇ ಇದ್ದಾರೆ ಎನ್ನುವುದು ದೊಡ್ಡ ವ್ಯತ್ಯಾಸ.

1978ರ ಬೇಸಿಗೆಯನ್ನು ಒಕಿನಾವದ ಹಿರಿಯರು ಎರಡು ಕಾರಣಕ್ಕೆ ನೆನೆಯುತ್ತಾರೆ. ಜುಲೈ 30ರ ಬೆಳಗ್ಗೆ, ಅಮೆರಿಕನ್ನರ ಕಾಲದಿಂದ ಬಲಗಡೆ ಓಡುತ್ತಿದ್ದ ದ್ವೀಪದ ವಾಹನಗಳೆಲ್ಲ ಜಪಾನಿನ ಪದ್ಧತಿಯಂತೆ ಎಡಗಡೆಗೆ ಬಂದವು. ಅದೇ ಬೇಸಿಗೆಯಲ್ಲಿ, ದ್ವೀಪದ ಉತ್ತರ ತುದಿಯ ಯಾನ್‌ಬರು ಕಾಡಿನ ಕಡೆಯ ಹೆಂತೊನ ಪ್ರೌಢಶಾಲೆಯ ಹುಡುಗರು, ಯಮಗಾತದಲ್ಲಿ ನಡೆದ ಅಖಿಲ ಜಪಾನ್ ಶಾಲಾ ಕ್ರೀಡಾಕೂಟದಲ್ಲಿ ಮೂರನೇ ಸ್ಥಾನ ಪಡೆದರು. ಅವರಲ್ಲಿ ಎತ್ತರದವರೇ ಇರಲಿಲ್ಲ. ತರಬೇತುದಾರ ಅಸಾತೊ ಯುಕಿಯೊ ಕಲಿಸಿದ್ದು ಓಡುವುದನ್ನು: ಚೆಂಡು ಸಿಕ್ಕ ಕೂಡಲೇ ಓಟ, ಎದುರಾಳಿ ಬುಟ್ಟಿಯ ಕೆಳಗೆ ನೆಲೆನಿಲ್ಲುವ ಮುನ್ನವೇ ಎಸೆತ, ತಪ್ಪಿದರೆ ಮತ್ತೆ ಓಟ. ಕುಳ್ಳರು ಎತ್ತರದವರ ಆಟವನ್ನು ಆಡಬೇಕಾದರೆ ಅದನ್ನು ಬೇರೆಯದೇ ಆಟವನ್ನಾಗಿ ಮಾಡಬೇಕು ಎನ್ನುವ ಆ ಪಾಠ ದ್ವೀಪದ ಶಾಲೆಗಳಲ್ಲಿ ಹಬ್ಬಿತು. ಇಂದಿಗೂ ಕಿಂಗ್ಸ್ ತಂಡದ ಕುಳ್ಳ ಗಾರ್ಡ್ (ಚೆಂಡನ್ನು ಮುಂದೊಯ್ಯುವ ಆಟಗಾರ) ಒಬ್ಬ ಮೂರು ಜನರ ನಡುವೆ ನುಸುಳಿದಾಗ ಜನ ಎದ್ದು ನಿಲ್ಲುವುದರಲ್ಲಿ ಹೆಂತೊನದ ನೆನಪೂ ಬೆರೆತಿದೆ ಎಂದು ನನಗೆ ಅನಿಸುತ್ತದೆ.

ಈ ದ್ವೀಪದ ಉತ್ಸಾಹಕ್ಕೆ ಜಪಾನಿನ ಬ್ಯಾಸ್ಕೆಟ್‌ಬಾಲ್ ವ್ಯವಸ್ಥೆಯಲ್ಲಿ ಬಹಳ ಕಾಲ ಜಾಗವೇ ಇರಲಿಲ್ಲ. ಜಪಾನಿನಲ್ಲಿ ಮೇಲ್ಮಟ್ಟದ ಬ್ಯಾಸ್ಕೆಟ್‌ಬಾಲ್ ಎಂದರೆ ಕಂಪನಿಗಳ ಬ್ಯಾಸ್ಕೆಟ್‌ಬಾಲ್. ಟೊಯೋಟಾ, ತೋಶಿಬಾ, ಹಿಟಾಚಿ, ಮಿತ್ಸುಬಿಷಿ, ಐಸಿನ್: ಆಟಗಾರರು ಈ ಕಂಪನಿಗಳ ನೌಕರರು, ನೋಡುವವರಲ್ಲಿ ಅರ್ಧದಷ್ಟು ಸಹೋದ್ಯೋಗಿಗಳು, ಕಂಪನಿಗೆ ಕಷ್ಟಕಾಲ ಬಂದರೆ ಮೊದಲು ಮುಚ್ಚುವುದು ತಂಡ. ಎಚ್‌ಎಎಲ್, ಐಟಿಐ ತಂಡಗಳ ಫುಟ್‌ಬಾಲನ್ನು ಕಂಡಿದ್ದ ಬೆಂಗಳೂರಿನ ಹಿರಿಯರಿಗೆ ಈ ಪದ್ಧತಿಯ ಒಳ್ಳೆಯದೂ ಕೆಟ್ಟದ್ದೂ ಗೊತ್ತಿದ್ದದ್ದೇ. ಆಟಗಾರನಿಗೆ ನಿವೃತ್ತಿಯವರೆಗೂ ಸಂಬಳ ಸಿಗುತ್ತದೆ, ಊರಿಗೆ ಮಾತ್ರ ತಂಡ ತನ್ನದು ಎನಿಸುವುದಿಲ್ಲ. ಒಕಿನಾವದಲ್ಲಿ ಅಂಥ ದೊಡ್ಡ ಕಾರ್ಖಾನೆಗಳೇ ಇಲ್ಲ. ಹಾಗಾಗಿ ಒಕಿನಾವದ ಪ್ರತಿಭಾವಂತ ಹುಡುಗ ಶಾಲೆ ಮುಗಿಸಿದ ಮೇಲೆ ಟೋಕಿಯೋದ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಂದ ಯಾವುದೋ ಕಂಪನಿಯ ಅಂಗಿ ತೊಡಬೇಕಿತ್ತು. ಇಲ್ಲವೇ ಊರಿಗೆ ಬಂದು ಅಂಗಳದ ಬಳೆಗೇ ಮರಳಬೇಕಿತ್ತು.

ಬಾಗಿಲು ತೆರೆದದ್ದು 2005ರಲ್ಲಿ. ಕಂಪನಿ ಲೀಗಿನಿಂದ ನೀಗಾತ ಮತ್ತು ಸೈತಾಮಾದ ಎರಡು ಕ್ಲಬ್ಬುಗಳು ಹೊರನಡೆದು, ಸೆಂದೈ, ಟೋಕಿಯೋ, ಒಸಾಕಾ, ಓಯಿತಗಳ ಹೊಸ ತಂಡಗಳ ಜೊತೆ ಸೇರಿ, ಆರು ತಂಡಗಳ ‘ಬಿಜೆ ಲೀಗ್’ ಎಂಬ ವೃತ್ತಿಪರ ಲೀಗನ್ನು ಶುರುಮಾಡಿದವು. ರಾಷ್ಟ್ರೀಯ ಸಂಸ್ಥೆ ಇವರನ್ನು ಬಂಡಾಯಗಾರರಂತೆ ನೋಡಿತು. ತಂಡದ ಹೆಸರಲ್ಲಿ ಕಂಪನಿಯ ಬದಲು ಊರು, ಆಟದ ನಡುವೆ ಹಾಡು ಕುಣಿತ, ಕೂಗಿ ಕರೆಯುವ ನಿರೂಪಕ: ಹಳಬರಿಗೆ ಇದು ಸರ್ಕಸ್ಸಿನಂತೆ ಕಂಡಿತು. ಟೋಕಿಯೋ ಅಪಾಚೆ ತಂಡಕ್ಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್‌ನ ಅಪ್ಪ ಜೋ ಬ್ರಯಂಟ್ ತರಬೇತುದಾರರಾಗಿ ಬಂದದ್ದರಿಂದ ಆ ಸರ್ಕಸ್ಸಿಗೆ ಸ್ವಲ್ಪ ಹೆಸರೂ ಬಂತು. ಎರಡು ವರ್ಷದ ಬಳಿಕ, 2007ರಲ್ಲಿ, ಫುಕುವೋಕಾದ ಜೊತೆ ರ್ಯೂಕ್ಯೂ ಗೋಲ್ಡನ್ ಕಿಂಗ್ಸ್ ಈ ಲೀಗಿಗೆ ಸೇರಿತು. ಅದನ್ನು ಕಟ್ಟಿ ಬಹುಕಾಲ ಮುನ್ನಡೆಸಿದವರು ಕಿಮುರ ತತ್ಸುರೊ. ‘ಒಕಿನಾವವನ್ನು ಇನ್ನಷ್ಟು ಗೆಲುವಾಗಿಸೋಣ’ ಎಂಬರ್ಥದ ಸಾಲು ಕ್ಲಬ್ಬಿನ ಧ್ಯೇಯವಾಯಿತು. ಹಿಂದೆ ದೊಡ್ಡ ಕಂಪನಿಯಿಲ್ಲದ ತಂಡಕ್ಕೆ ಟಿಕೆಟ್ಟಿನ ದುಡ್ಡೇ ಅನ್ನ.

ಮೊದಲ ವರ್ಷ 44 ಪಂದ್ಯ ಆಡಿ 10 ಗೆದ್ದರು, 34 ಸೋತರು. ಪಶ್ಚಿಮ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನ. ಅದೇ ತಂಡ ಮರುವರ್ಷವೇ ಲೀಗಿನ ಚಾಂಪಿಯನ್ ಆದದ್ದನ್ನು ಯಾರಾದರೂ ಕತೆಯಾಗಿ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. 2008ರಲ್ಲಿ ಓಯಿತದಿಂದ ಬಂದ ತರಬೇತುದಾರ ಓಕೆತಾನಿ ದಾಯ್‌ಗೆ ಆಗಿನ್ನೂ ಮೂವತ್ತರ ಆಸುಪಾಸು. ಆತನ ಜೊತೆಗೆ, ಒಸಾಕಾ ತಂಡಕ್ಕೆ ಸತತ ಮೂರು ಪ್ರಶಸ್ತಿ ಗೆದ್ದುಕೊಟ್ಟಿದ್ದ ಜೆಫ್ ನ್ಯೂಟನ್ ಬಂದರು. ಜಾರ್ಜಿಯಾ ಟೆಕ್‌ನಲ್ಲಿ ಆಡಿದ್ದ ಆಂಟನಿ ಮೆಕ್‌ಹೆನ್ರಿ ಬಂದರು. ಮೆಕ್‌ಹೆನ್ರಿ ಬಗ್ಗೆ ಒಂದು ಮಾತು ಹೇಳಲೇಬೇಕು. ವಿದೇಶಿ ಆಟಗಾರರೆಂದರೆ ವರ್ಷಕ್ಕೊಮ್ಮೆ ಬದಲಾಗುವ ಬಾಡಿಗೆ ತೋಳುಗಳು ಎಂಬ ಭಾವನೆ ಇದ್ದ ಲೀಗಿನಲ್ಲಿ ಆತ ವರ್ಷಗಟ್ಟಲೆ ಅದೇ ದ್ವೀಪದಲ್ಲಿ ಉಳಿದು, ಅಂಕಗಳಿಗಿಂತ ಹೆಚ್ಚಾಗಿ ಕಾವಲಿನಿಂದ, ಚೆಂಡನ್ನು ಸರಿಯಾದವರಿಗೆ ದಾಟಿಸುವ ತಾಳ್ಮೆಯಿಂದ ಹೆಸರಾದರು. 2009ರಲ್ಲಿ ಟೋಕಿಯೋದ ಅರಿಯಾಕೆ ಕೊಲೊಸಿಯಮ್‌ನಲ್ಲಿ ನಡೆದ ಫೈನಲ್‌ನಲ್ಲಿ ಕಿಂಗ್ಸ್ ಸೋಲಿಸಿದ್ದು ಜೋ ಬ್ರಯಂಟರ ಅಪಾಚೆಯನ್ನೇ.

ಆಮೇಲಿನ ಬಿಜೆ ವರ್ಷಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. 2012, 2014, 2016ರಲ್ಲಿ ಮತ್ತೆ ಮೂರು ಪ್ರಶಸ್ತಿಗಳು ಬಂದವು. ಕೊನೆಯ ಎರಡು ಬಂದದ್ದು ಒಕಿನಾವದವರೇ ಆದ ಇಸಾ ತ್ಸುತೊಮು ತರಬೇತಿಯಲ್ಲಿ. 2016ರ ಮೇ ತಿಂಗಳಲ್ಲಿ ತೊಯಾಮಾ ತಂಡವನ್ನು ಸೋಲಿಸಿ ಗೆದ್ದದ್ದು ಬಿಜೆ ಲೀಗಿನ ಕಟ್ಟಕಡೆಯ ಪಂದ್ಯ. ಬಾಗಿಲು ಹಾಕುವ ಅಂಗಡಿಯ ಕೊನೆಯ ಸರಕನ್ನು ಕೊಂಡವರು ಕಿಂಗ್ಸ್.

ಅಂಗಡಿ ಬಾಗಿಲು ಹಾಕಿದ್ದು ಏಕೆ ಎಂಬುದು ಜಪಾನಿನ ಕ್ರೀಡಾ ಆಡಳಿತದ ನಗೆಪಾಟಲಿನ ಅಧ್ಯಾಯ. ಒಂದು ದೇಶದಲ್ಲಿ ಎರಡು ಉನ್ನತ ಲೀಗುಗಳು, ಕಂಪನಿಗಳದ್ದೊಂದು, ಬಂಡಾಯದ್ದೊಂದು, ಒಂದಕ್ಕೊಂದು ಮಾತಿಲ್ಲ. ಒಂದು ಮಾಡಿ ಎಂದು ಹೇಳಿ ಹೇಳಿ ಸಾಕಾಗಿ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 2014ರ ನವೆಂಬರಿನಲ್ಲಿ ಜಪಾನನ್ನೇ ಅಮಾನತು ಮಾಡಿತು. ಗಂಡಸರ ಈ ಜಗಳದಿಂದ ಏನೂ ತಪ್ಪು ಮಾಡದ ಮಹಿಳಾ ತಂಡದ ಒಲಿಂಪಿಕ್ ಅರ್ಹತೆಗೂ ಕುತ್ತು ಬಂತು. ಕೊನೆಗೆ ಕೆಲಸ ಒಪ್ಪಿಸಿದ್ದು ಫುಟ್‌ಬಾಲಿನವರಿಗೆ: ಜೆ ಲೀಗಿನ ಮೊದಲ ಅಧ್ಯಕ್ಷರಾಗಿದ್ದ ಕಾವಾಬುಚಿ ಸಾಬುರೊ. ಎಪ್ಪತ್ತೆಂಟರ ಆ ಮುದುಕ ಬಂದು, ಹೆಸರಲ್ಲಿ ಕಂಪನಿಯನ್ನು ಮುಂದಿಡಬೇಡಿ, ಊರನ್ನು ಇಡಿ, ಮೇಲಿನ ವಿಭಾಗದಲ್ಲಿ ಆಡಬೇಕಾದರೆ 5,000 ಜನ ಕೂರುವ ಅಂಕಣ ತೋರಿಸಿ ಎಂದು ಪಟ್ಟು ಹಿಡಿದರು. ಕೆಲವೇ ತಿಂಗಳಲ್ಲಿ ಎರಡು ಲೀಗು ಒಂದಾಗಿ ‘ಬಿ ಲೀಗ್’ ಹುಟ್ಟಿತು, 2015ರಲ್ಲೇ ಅಮಾನತೂ ತೆರವಾಯಿತು. ಕಂಪನಿಗಳು ಹತ್ತು ವರ್ಷ ಗೇಲಿ ಮಾಡಿದ್ದ ಊರಿನ ಲೀಗಿನ ನಿಯಮವೇ ಈಗ ಎಲ್ಲರ ನಿಯಮವಾಯಿತು ಎಂಬುದನ್ನು ಅಂದು ಹೆಚ್ಚಿನವರು ಬಾಯಿಬಿಟ್ಟು ಹೇಳಲಿಲ್ಲ.

2016ರ ಸೆಪ್ಟೆಂಬರ್ 22ರ ಸಂಜೆ, ಟೋಕಿಯೋದ ಯೊಯೊಗಿ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಬಿ ಲೀಗಿನ ಮೊತ್ತಮೊದಲ ಪಂದ್ಯ. ಉಳಿದ ತಂಡಗಳಿಗಿಂತ ಒಂದೆರಡು ದಿನ ಮೊದಲೇ, ಎರಡೇ ತಂಡಗಳ ಪಂದ್ಯ. ಒಂದು ಕಡೆ ಟೊಯೋಟಾದ ಹಳೆಯ ಕಂಪನಿ ತಂಡದಿಂದ ಬಂದ ಆಲ್ವಾರ್ಕ್ ಟೋಕಿಯೋ, ಇನ್ನೊಂದು ಕಡೆ ಬಿಜೆ ಲೀಗಿನ ಕೊನೆಯ ಚಾಂಪಿಯನ್ ಕಿಂಗ್ಸ್. ಅಂಕಣದ ನೆಲವೇ ಎಲ್‌ಇಡಿ ಪರದೆ. ಆಟಗಾರರ ಕಾಲ ಕೆಳಗೆ ಗೆರೆಗಳು, ಬಣ್ಣಗಳು, ಹೆಸರುಗಳು ಮಿನುಗಿ ಮಾಯವಾಗುತ್ತಿದ್ದವು. ಆ ದೃಶ್ಯಗಳನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಬೆಳಕಿನ ಆಟ ಚೆಂದವೇ, ಆದರೆ ನನ್ನ ಕಣ್ಣು ಹೋಗುವುದು ಅಂಕಪಟ್ಟಿಯ ಕಡೆ. ಶುರುವಿನಿಂದಲೂ ಟೋಕಿಯೋ ಮುಂದೆ, ಬಿಜೆಯವರ ಮಟ್ಟ ಇಷ್ಟೇ ಎಂದು ಹೇಳಲು ಕಾದಿದ್ದವರಿಗೆ ಸಮಾಧಾನ. ಕೊನೆಯ ಭಾಗದಲ್ಲಿ ಕಿಂಗ್ಸ್ ಬೆನ್ನಿಗೆ ಬಿದ್ದದ್ದೇ, ಆ ಸಮಾಧಾನ ಕರಗತೊಡಗಿತು. ಕೊನೆಗೆ 80-75. ಕಿಂಗ್ಸ್ ಸೋತರು, ಆದರೆ ಐದೇ ಅಂಕದಿಂದ. ಇದು ಜಪಾನಿನ ಬ್ಯಾಸ್ಕೆಟ್‌ಬಾಲ್‌ನ ಎರಡು ಕವಲುಗಳು ಒಂದೇ ನೆಲದ ಮೇಲೆ ಕೊಂಬಿಗೆ ಕೊಂಬು ಕೊಟ್ಟ ದಿನ, ಯಾವ ಹೋರಿಯೂ ಬೆನ್ನು ತಿರುಗಿಸಲಿಲ್ಲ.

ನಂತರದ ವರ್ಷಗಳು ಹೊಸ್ತಿಲಲ್ಲಿ ನಿಂತು ಕಾದ ವರ್ಷಗಳು. ಪಶ್ಚಿಮ ವಿಭಾಗದಲ್ಲಿ ಮೇಲಿನ ಸ್ಥಾನ ರೂಢಿಯಾಯಿತು, ಸೆಮಿಫೈನಲ್ ಮಾತ್ರ ದಾಟಲಾಗಲಿಲ್ಲ. ಒಮ್ಮೆ ಆಲ್ವಾರ್ಕ್, ಎರಡು ಬಾರಿ ಚಿಬಾ ಜೆಟ್ಸ್ ಬಾಗಿಲು ಮುಚ್ಚಿದವು. ನಡುವೆ 2020ರಲ್ಲಿ ಕೊರೊನಾದಿಂದ ಸೀಸನ್ನೇ ಅರ್ಧಕ್ಕೆ ನಿಂತಿತು. ಬಣ್ಣದ ಗಡ್ಡದ ದೈತ್ಯ ಜ್ಯಾಕ್ ಕೂಲಿ ಬಂದದ್ದು ಈ ಕಾಲದಲ್ಲಿ. ತನ್ನವರು ಎಸೆದ ಚೆಂಡು ಬುಟ್ಟಿ ತಪ್ಪಿದಾಗ ಆತ ಇಬ್ಬರನ್ನು ಬೆನ್ನಿನಿಂದ ಒತ್ತರಿಸಿ ಅದನ್ನು ಮತ್ತೆ ಕಸಿಯುವುದನ್ನು ನೋಡಿದರೆ, ತಪ್ಪಿದ ಎಸೆತವೂ ಒಂದು ಬಗೆಯ ಪಾಸ್ ಎಂದೇ ತೋರುತ್ತದೆ.

2021ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಆದವು. ಓಕೆತಾನಿ ಒಂಬತ್ತು ವರ್ಷ ಇವಾತೆ, ಸೆಂದೈ ಮುಂತಾದ ಕಡೆ ಸುತ್ತಿ ದ್ವೀಪಕ್ಕೆ ಮರಳಿದರು. ಹೋರಿ ಅಖಾಡದ ಜಾಗದಲ್ಲಿ ಒಕಿನಾವ ಅರೀನಾ ತೆರೆಯಿತು. ಕಟ್ಟಿಸಿದ್ದು ನಗರಸಭೆ, ಆದರೆ ಅದರ ಕಲ್ಪನೆಯಲ್ಲೂ ಅದನ್ನು ನಡೆಸುವುದರಲ್ಲೂ ಕ್ಲಬ್ಬಿನ ಕೈ ದೊಡ್ಡದು. ಜಪಾನಿನ ಹೆಚ್ಚಿನ ಒಳಾಂಗಣಗಳು ಎಲ್ಲರೂ ಎಲ್ಲ ಆಟವನ್ನೂ ಆಡಲೆಂದು ಕಟ್ಟಿದ ವ್ಯಾಯಾಮಶಾಲೆಗಳು; ಒಳಗೆ ಹೋಗುವಾಗ ಬೂಟು ಕಳಚಿ ಚಪ್ಪಲಿ ಹಾಕಿಕೊಳ್ಳಬೇಕಾದವೂ ಉಂಟು. ‘ಮಾಡುವ’ ಜಾಗಗಳ ನಾಡಿನಲ್ಲಿ ಇದು ‘ನೋಡುವ’ ಜಾಗ. ಬ್ಯಾಸ್ಕೆಟ್‌ಬಾಲ್‌ಗೆ ಸುಮಾರು 8,000 ಜನ ಕೂರಬಹುದು. ಈಗ ಒಂದು ಪಾನೀಯ ಕಂಪನಿಯ ಹೆಸರು ಅಂಟಿಸಿಕೊಂಡಿದೆ, ನಾನು ಹಳೆಯ ಹೆಸರಲ್ಲೇ ಕರೆಯುತ್ತೇನೆ.

ನಾನು ಕೂತಿದ್ದದ್ದು ಮೇಲಿನ ಸಾಲಿನಲ್ಲಿ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಮುಂದಿನವರ ತಲೆ ನನ್ನ ಮೊಣಕಾಲಿಗಿಂತ ಕೆಳಗಿತ್ತು, ಅಂಕಣ ಬಾವಿಯ ತಳದ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಮೊಮ್ಮಗನ ಜೊತೆ. ತೊಡೆಯ ಮೇಲೆ ಟಾಕೊ ರೈಸಿನ ಡಬ್ಬಿ. ಮೆಕ್ಸಿಕೋದ ತಿಂಡಿ ಅಮೆರಿಕನ್ ಸೈನಿಕರ ಮೂಲಕ ಬಂದು ಜಪಾನಿನ ಅನ್ನದ ಮೇಲೆ ಕೂತ ಊಟ ಅದು. ಮೊದಲ ಭಾಗ ಮುಗಿಯುವ ಹೊತ್ತಿಗೆ ಕಿಂಗ್ಸ್‌ನ ಒಬ್ಬ ಚೆಂಡು ಕಸಿದು ಓಡಿದ. ಅಜ್ಜಿ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ತೋರುಬೆರಳನ್ನು ಮಡಿಸಿ ನಾಲಿಗೆಯ ಕೆಳಗೆ ಒತ್ತಿ, ಒಂದು ಸಿಳ್ಳೆ ಹೊಡೆದರು. ನನ್ನ ಎಡಗಿವಿ ಆ ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು. ಇದಕ್ಕೆ ಅಲ್ಲಿ ‘ಯುಬಿಬುಯೆ’ ಎನ್ನುತ್ತಾರೆ, ಬೆರಳ ಕೊಳಲು ಎಂದು ಅರ್ಥ. ಮದುವೆಯ ಕಾಚಾಶೀ ಕುಣಿತದಲ್ಲೂ ಹೋರಿ ಕಾಳಗದಲ್ಲೂ ಕೇಳುವ ಸಿಳ್ಳೆಯದು. ಟೋಕಿಯೋದ ಪ್ರೇಕ್ಷಕರು ನಿರೂಪಕ ಹೇಳಿಕೊಟ್ಟಾಗ ಲಯಬದ್ಧವಾಗಿ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ, ಎಂಟು ಸಾವಿರ ಜನರಲ್ಲಿ ಯಾವ ಮೂಲೆಯಿಂದ ಬೇಕಾದರೂ ಸಿಳ್ಳೆ ಹಾರುತ್ತದೆ. ವಿರಾಮದಲ್ಲಿ ನನ್ನ ಹರಕು ಜಪಾನಿಯಲ್ಲಿ ಮಾತಾಡಿಸಿದೆ. ಮೊದಲ ವರ್ಷದಿಂದಲೂ ಬರುತ್ತಿದ್ದಾರಂತೆ, ಹಳೆಯ ನಗರಸಭೆಯ ವ್ಯಾಯಾಮಶಾಲೆಗೆ, ಸೋಲನ್ನು ನೋಡಲು. ಆಗ ಸಿಳ್ಳೆ ಹೊಡೆಯುವ ಸಂದರ್ಭ ಕಡಿಮೆ ಸಿಗುತ್ತಿತ್ತು ಎಂದು ನಕ್ಕರು.

ಹೊಸ ಮನೆಯ ಮೊದಲ ಪೂರ್ಣ ಸೀಸನ್ನಿನಲ್ಲಿ, 2021-22ರಲ್ಲಿ, ಕಿಂಗ್ಸ್ 49 ಗೆದ್ದು 7 ಮಾತ್ರ ಸೋತರು, ನಡುವೆ ಸತತ 20 ಗೆಲುವು. ಒಕಿನಾವ ಜಪಾನಿಗೆ ಮರಳಿ ಐವತ್ತು ವರ್ಷ ತುಂಬಿದ ಮೇ ತಿಂಗಳಲ್ಲೇ ಫೈನಲ್. ಪತ್ರಿಕೆಗಳು ಶೀರ್ಷಿಕೆಯನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡಿರಬೇಕು. ಆದರೆ ಉತ್ಸುನೊಮಿಯಾ ಬ್ರೆಕ್ಸ್ ಎರಡಕ್ಕೆ ಎರಡೂ ಪಂದ್ಯ ಗೆದ್ದು ಅದನ್ನೆಲ್ಲ ಅಳಿಸಿತು. ಚರಿತ್ರೆಯ ಪಂಚಾಂಗ ನೋಡಿ ಚೆಂಡು ಬುಟ್ಟಿಗೆ ಬೀಳುವುದಿಲ್ಲ.

ಬಿದ್ದದ್ದು ಮರುವರ್ಷ. 2023ರ ಮೇ 27ರಂದು ಯೊಕೊಹಾಮಾ ಅರೀನಾದಲ್ಲಿ ಎದುರಾದದ್ದು ಚಿಬಾ ಜೆಟ್ಸ್, ಆ ವರ್ಷ 53 ಗೆದ್ದು 7 ಸೋತ, ಸತತ 24 ಗೆದ್ದ, ಲೀಗಿನಿಂದ ಬೇರೆಯಾದ ರಾಷ್ಟ್ರೀಯ ಟೂರ್ನಿ ಚಕ್ರವರ್ತಿ ಕಪ್ಪಿನ ಫೈನಲ್‌ನಲ್ಲಿ ಇದೇ ಕಿಂಗ್ಸ್‌ನ್ನು ಸೋಲಿಸಿದ್ದ ತಂಡ. ಮೊದಲ ಪಂದ್ಯ ನಲವತ್ತು ನಿಮಿಷಕ್ಕೆ ಮುಗಿಯಲಿಲ್ಲ, ಐದು ನಿಮಿಷದ ಹೆಚ್ಚುವರಿ ಅವಧಿಗೂ ಮುಗಿಯಲಿಲ್ಲ. ಎರಡನೇ ಹೆಚ್ಚುವರಿ ಅವಧಿಯ ಕೊನೆಗೆ 96-93, ಗೆದ್ದದ್ದು ಕಿಂಗ್ಸ್. ಮರುದಿನ ಚಿಬಾದ ಕಾಲುಗಳು ಭಾರವಾಗಿದ್ದವು, ಕಿಂಗ್ಸ್‌ನ ಬೆಂಚಿನಿಂದ ಬಂದ ಕಾಲುಗಳು ಹಗುರವಾಗಿದ್ದವು. 88-73. ಅಂತಿಮ ಹಂತದ ಶ್ರೇಷ್ಠ ಆಟಗಾರನೆನಿಸಿದವನು ಕೋ ಫ್ಲಿಪ್ಪಿನ್, ತಾಯಿ ಒಕಿನಾವದವರು, ಹಿಂದೆ ಚಿಬಾದಲ್ಲೇ ಆಡಿ ಗೆದ್ದಿದ್ದವನು. ಬೇಲಿಯ ಎರಡೂ ಕಡೆಯ ರಕ್ತ ಆತನಲ್ಲಿ ಎಂದು ಬರೆಯುವ ಆಸೆಯಾಗುತ್ತದೆ, ಆದರೆ ಆತ ಆಡಿದ್ದು ರೂಪಕವಾಗಿ ಅಲ್ಲ, ಎದುರಾಳಿಯ ಮೈಗಂಟಿದ ಕಾವಲುಗಾರನಾಗಿ. ಬಿ ಲೀಗಿನಲ್ಲಿ ಪಶ್ಚಿಮ ವಿಭಾಗದ ತಂಡವೊಂದು ಗೆದ್ದದ್ದು ಅದೇ ಮೊದಲು. ಬಿಜೆ ಲೀಗಿನ ಕೊನೆಯ ದಿನದವರೆಗೂ ಅಲ್ಲೇ ಉಳಿದ ತಂಡವೊಂದು ಗೆದ್ದದ್ದೂ ಅದೇ ಮೊದಲು. ಚಿಬಾ ಕೂಡ ಬಿಜೆಯಲ್ಲೇ ಹುಟ್ಟಿದ್ದು, ಆದರೆ ನಡುವೆ ಕಂಪನಿಗಳ ಕಡೆಗೆ ದಾಟಿತ್ತು. ಹೊರಗಿನವರಿಗೆ ಇದು ಸಣ್ಣ ವಿವರ, ಹಳೆಯ ಬಿಜೆ ಅಭಿಮಾನಿಗೆ ಹಾಗಲ್ಲ.

ಮೂರು ತಿಂಗಳ ಬಳಿಕ ವಿಶ್ವಕಪ್ಪೇ ಕೊಜಾಕ್ಕೆ ಬಂತು. ಸ್ಲೊವೇನಿಯಾದ ತಾರೆ ಲುಕಾ ಡಾನ್ಚಿಚ್ ಆಡಿದ್ದು, ಮುಂದೆ ಕಪ್ ಗೆದ್ದ ಜರ್ಮನಿ ತನ್ನ ಮೊದಲ ಪಂದ್ಯಗಳನ್ನು ಆಡಿದ್ದು ಇದೇ ಅಂಕಣದಲ್ಲಿ. ಆಗಸ್ಟ್ 27ರಂದು ಫಿನ್ಲೆಂಡಿನೆದುರು 18 ಅಂಕ ಹಿಂದೆ ಬಿದ್ದಿದ್ದ ಜಪಾನ್ 98-88ರಿಂದ ಗೆದ್ದಿತು; ಆಮೇಲೆ ವೆನೆಜುವೆಲಾ, ಕೇಪ್ ವರ್ಡೆಗಳನ್ನೂ ಸೋಲಿಸಿ ಪ್ಯಾರಿಸ್ ಒಲಿಂಪಿಕ್‌ಗೆ ಅರ್ಹತೆ ಪಡೆಯಿತು. ಟಿವಿಯಲ್ಲಿ ಇಡೀ ಜಪಾನು ನೋಡಿ ಕುಣಿದ ಆ ರಾತ್ರಿಗಳಲ್ಲಿ, ನಿರೂಪಕರ ಮಾತಿನ ಹಿಂದೆ, ಚಪ್ಪಾಳೆಗಳ ಮೇಲೆ, ಆ ಸಿಳ್ಳೆ ಕೇಳುತ್ತಲೇ ಇತ್ತು. ದೇಶದ ಅಂಚಿಗೆ ತಳ್ಳಲ್ಪಟ್ಟ ದ್ವೀಪವೊಂದು ಆ ವಾರದ ಮಟ್ಟಿಗೆ ದೇಶದ ನಡುವೆ ಇತ್ತು.

ಆಮೇಲೆ ಸೋಲುಗಳೂ ಬಂದಿವೆ. 2024ರಲ್ಲಿ ಮೊದಲ ಪಂದ್ಯ ಗೆದ್ದೂ ಹಿಂಬಾಗಿಲಿನಿಂದ ಪ್ಲೇಆಫ್‌ಗೆ ಬಂದ ಹಿರೋಶಿಮಾಕ್ಕೆ ಫೈನಲ್ ಬಿಟ್ಟುಕೊಟ್ಟರು. ಅದೇ ವರ್ಷ ಚಕ್ರವರ್ತಿ ಕಪ್ಪಿನ ಫೈನಲ್‌ನಲ್ಲಿ ಚಿಬಾ ಎದುರು 117-69, ಅಂದರೆ 48 ಅಂಕಗಳ ಅವಮಾನ. ಮರುವರ್ಷ ಆ ಕಪ್ಪನ್ನೇ ಗೆದ್ದು ತಂದರು, ಅದೂ 2016ರ ಹಳೆಯ ಎದುರಾಳಿ ಆಲ್ವಾರ್ಕನ್ನು ಸೋಲಿಸಿ. 2025ರ ಲೀಗ್ ಫೈನಲ್‌ನಲ್ಲಿ ಮತ್ತೆ ಉತ್ಸುನೊಮಿಯಾ. ಸೀಸನ್ ನಡುವೆಯೇ ತರಬೇತುದಾರ ಕೆವಿನ್ ಬ್ರಾಸ್ವೆಲ್‌ರನ್ನು ಕಳೆದುಕೊಂಡಿದ್ದ ಆ ತಂಡ, ಮೂರನೇ ಪಂದ್ಯವನ್ನು ಕೂದಲೆಳೆಯಲ್ಲಿ ಗೆದ್ದಾಗ, ಕಿಂಗ್ಸ್ ಕಡೆಯವನಾದ ನನಗೂ ಬೇಸರಪಡಲು ಆಗಲಿಲ್ಲ.

ಊರಿನ ತಂಡ ಎಂದು ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದು ತಿದ್ದುಪಡಿಯೂ ಬೇಕು. ಕ್ಲಬ್ಬನ್ನು ನಡೆಸುವ ಸಂಸ್ಥೆಯನ್ನು ನಗೋಯದ ಪ್ರೋಟೋ ಕಾರ್ಪೊರೇಷನ್ ತನ್ನ ಗುಂಪಿಗೆ ಸೇರಿಸಿಕೊಂಡಿದೆ; ಹಳೆಯ ಕಾರುಗಳ ಮಾಹಿತಿ ಮಾರಿ ಬೆಳೆದ ಕಂಪನಿ ಅದು. ಕಾರು ತಯಾರಿಸುವವರಿಂದ ದೂರವಿದ್ದ ತಂಡ ಕೊನೆಗೆ ಹಳೆಯ ಕಾರಿನವರ ಕೈಸೇರಿತು ಎಂದು ತಮಾಷೆ ಮಾಡಬಹುದು, ಆದರೆ ಅಂಗಿಯ ಮೇಲಿನ ಹೆಸರು ಬದಲಾಗಿಲ್ಲ, ಆಡುವ ಜಾಗವೂ ಬದಲಾಗಿಲ್ಲ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು 2026ರಿಂದ ಲೀಗ್ ಹಿಡಿದಿರುವ ಹೊಸ ದಾರಿ. ‘ಬಿ ಪ್ರೀಮಿಯರ್’ ಎಂಬ ಮೇಲಿನ ವಿಭಾಗಕ್ಕೆ ಪ್ರವೇಶ ಗೆಲುವು ಸೋಲಿನಿಂದ ಸಿಗುವುದಿಲ್ಲ. ಪಂದ್ಯಕ್ಕೆ ಸರಾಸರಿ 4,000 ಪ್ರೇಕ್ಷಕರು, ವರ್ಷಕ್ಕೆ 120 ಕೋಟಿ ಯೆನ್ ವಹಿವಾಟು, ನಿಯಮದಂತೆ ಕಟ್ಟಿದ ಅರೀನಾ ಇರಬೇಕು. ಇವೆಲ್ಲ ಕಿಂಗ್ಸ್‌ಗೆ ಕಷ್ಟವಲ್ಲ. ಮೊದಲ ವರ್ಷ 34 ಪಂದ್ಯ ಸೋತು, ನಗರಸಭೆಯ ವ್ಯಾಯಾಮಶಾಲೆಯಲ್ಲಿ ಆಡುತ್ತಿದ್ದ 2007ರ ಕಿಂಗ್ಸ್ ಮಾತ್ರ ಈ ಬಾಗಿಲಲ್ಲಿ ಒಳಗೆ ಬರುತ್ತಿರಲಿಲ್ಲ.

ಜೊತೆಗೆ ಕಾಲೇಜು ಹುಡುಗರನ್ನು ಕ್ಲಬ್ಬುಗಳು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿಯೂ ಬಂದಿದೆ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕಿಶಿಮೊತೊ ರ್ಯೂಇಚಿ. 1990ರಲ್ಲಿ ನಾಗೊದಲ್ಲಿ ಹುಟ್ಟಿ, ದ್ವೀಪದ ಉತ್ತರದ ಹೊಕುಜಾನ್ ಪ್ರೌಢಶಾಲೆಯಲ್ಲಿ ಆಡಿ, ಟೋಕಿಯೋ ಕಡೆಯ ವಿಶ್ವವಿದ್ಯಾಲಯದಲ್ಲಿ ಓದಿ, 2012-13ರಲ್ಲಿ ಕಿಂಗ್ಸ್ ಸೇರಿದವನು. ಎತ್ತರ 176 ಸೆಂಟಿಮೀಟರ್, ಅಂಗಿ 14. ಬೇರೆ ಕ್ಲಬ್ಬಿನ ಅಂಗಿ ತೊಟ್ಟಿಲ್ಲ. ಬಿಜೆಯ ಎರಡು ಪ್ರಶಸ್ತಿಗಳಲ್ಲೂ 2023ರದ್ದರಲ್ಲೂ ಇದ್ದವನು. ಈ ದ್ವೀಪದ ಹುಡುಗರು ಮುಖ್ಯ ಭೂಮಿಗೆ ಹೋಗಿ ಮರಳಿ ಬರಬಹುದಾದ ಒಂದು ಮನೆ ಇರಲೆಂದೇ ಈ ಕ್ಲಬ್ ಹುಟ್ಟಿದ್ದು. ಆತ ಮರಳಿ ಬಂದವನು. ಇನ್ನು ಮುಂದೆ ಹೊಕುಜಾನ್‌ನಿಂದ ಹೊರಟ ಹುಡುಗನೊಬ್ಬನ ಹೆಸರನ್ನು ಉತ್ತರದ ತುದಿಯ ಹೊಕ್ಕೈದೊ ತಂಡ ಮೊದಲು ಕೂಗಿದರೆ, ಹಿಮದ ನಾಡಿಗೆ ಹೋಗಬೇಕಾಗಬಹುದು.

ನಾನು ನೋಡಿದ ದಿನ ಕಿಶಿಮೊತೊ ಮೂರು ಅಂಕದ ಗೆರೆಗಿಂತ ಎರಡು ಹೆಜ್ಜೆ ಹಿಂದೆ, ಯಾರೂ ಎಸೆಯಲಾರರು ಎನ್ನುವ ಜಾಗದಲ್ಲಿ ನಿಂತು, ಎದುರಿದ್ದವನು ಕೈಯೆತ್ತುವ ಮುನ್ನ ಎಸೆದ. ಚೆಂಡು ಗಾಳಿಯಲ್ಲಿದ್ದಾಗಲೇ ಅಜ್ಜಿಯ ಬೆರಳು ನಾಲಿಗೆಯ ಕೆಳಗಿತ್ತು. ನಾನೂ ಪ್ರಯತ್ನಿಸಿದೆ. ಬಂದದ್ದು ಬರೀ ಗಾಳಿ ಮತ್ತು ಎಂಜಲು. ಅಜ್ಜಿಯ ಮೊಮ್ಮಗ ನನ್ನ ಬೆರಳನ್ನು ಹಿಡಿದು, ಇನ್ನೂ ಒಳಗೆ ಮಡಿಸಬೇಕು ಎಂದು ಸರಿಪಡಿಸಿ ತೋರಿಸಿದ. ಪಂದ್ಯ ಮುಗಿದು ಗೋಯದ ಬಸ್ ನಿಲ್ದಾಣದವರೆಗೂ, ಬೇಲಿಯ ಪಕ್ಕದ ದಾರಿಯಲ್ಲಿ, ಅದನ್ನೇ ಅಭ್ಯಾಸ ಮಾಡುತ್ತ ನಡೆದೆ.